ಗೋಡೆಯ ನೆರಳಿನ ಹೂಪಾತಿ

ಹೋದ ಯುಗಾದಿಯಂದು ಮೆಲ್ಬರ್ನಿನ ಕನ್ನಡ ಸಂಘದ ಊಟದ ಸಾಲಿನಲ್ಲಿ ಒಬ್ಬ ಹುಡುಗಿ ನನ್ನ ಹಿಂದೆ ನಿಂತಿದ್ದಳು. ಹೆಸರು ಸಹನಾ, ಧಾರವಾಡದ ಕಡೆಯವಳು, ಇಲ್ಲೇ ತೋಟಗಾರಿಕೆ ಓದಿ, ಕಾಯಂ ನೆಲೆಸಲು ಪಿಆರ್ ಪಡೆದವಳು. "ಅಂಕಲ್, ನೀವು ಆ ದೊಡ್ಡ ಎಸ್ಟೇಟ್‌ನ್ಯಾಗ ಇದ್ರಂತಲ್ರಿ? ನಂಗೂ ಅಲ್ಲೇ ಜಾಬ್ ಸಿಕ್ಕೈತ್ರಿ. ಹ್ಯಾಂಗೈತ್ರಿ ಕೆಲಸ?" ಎಂದು ಕೇಳಿದಳು. ಆಗತಾನೇ ತಟ್ಟೆಗೆ ಬಿಸಿಬೇಳೆಬಾತ್ ಬಿದ್ದಿತ್ತು, ಹಿಂದೆ ಸಾಲು ಬೆಳೆದಿತ್ತು. "ಚೆನ್ನಾಗಿದೆಯಮ್ಮ. ಒಳ್ಳೆ ಗಾಳಿ, ಒಳ್ಳೆ ಜನ" ಅಂದುಬಿಟ್ಟೆ.

ಗಾಳಿಯ ಮಾತು ನಿಜ. ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ಅವಳಿಗೂ, ಅವಳ ಹಾಗೆ ಕೈಯಲ್ಲಿ ಕತ್ತರಿ ಹಿಡಿದು ಈ ದೇಶದ ದೊಡ್ಡ ಮನೆಗಳ ತೋಟಕ್ಕೆ ಹೋಗುವವರಿಗೂ ಗೊತ್ತಿರಲಿ ಎಂದು. ಎಸ್ಟೇಟಿನ ಹೆಸರು ಮಾತ್ರ ಬರೆಯುವುದಿಲ್ಲ. ಹೆದರಿಕೆಯಿಂದಲ್ಲ, ಅಲ್ಲಿಯವರು ಕೇಸು ಹಾಕುವ ಪೈಕಿ ಅಲ್ಲ. ನಕ್ಕು, ಕೈ ಕುಲುಕಿ, ಮರೆತುಬಿಡುವ ಪೈಕಿ. ಜಗಳಕ್ಕೆ ಬಂದಿದ್ದರೆ ನನಗೆ ಇಷ್ಟು ಸಿಟ್ಟು ಉಳಿಯುತ್ತಿರಲಿಲ್ಲ.

ನಾನು ಮೈಸೂರಿನವನು. ತೋಟಗಾರಿಕೆಯಲ್ಲಿ ಬಿಎಸ್ಸಿ ಮಾಡಿ ಕೆಲವು ವರ್ಷ ಇಲಾಖೆಯಲ್ಲಿದ್ದೆ. ಹೆಂಡತಿ ಸುಮಿತ್ರಾಗೆ ಸಿಡ್ನಿಯ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಅವಳ ವೀಸಾದ ಬಾಲ ಹಿಡಿದು ನಾನೂ ಬಂದೆ. ಗಿರಾವೀನ್‌ನಲ್ಲಿ ಒಂದು ಬಾಡಿಗೆ ಮನೆ, ಎದುರು ಮನೆಯಲ್ಲಿ ತೆಲುಗಿನವರು, ಪಕ್ಕದಲ್ಲಿ ಪಂಜಾಬಿಗಳು. ನನ್ನ ಡಿಗ್ರಿಯನ್ನು ಇಲ್ಲಿ ಯಾರೂ ಕಣ್ಣೆತ್ತಿ ನೋಡಲಿಲ್ಲ. ಕೊನೆಗೆ ಒಂದು ವೃದ್ಧರ ನಿವಾಸದಲ್ಲಿ ಹುಲ್ಲು ಕತ್ತರಿಸುವ, ಗಿಡ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅಲ್ಲಿ ಅಂಗಳದ ತುಂಬ ಗುಲಾಬಿ.

ನಮ್ಮಲ್ಲಿ ದಸರಾ ಕಳೆದು ಮಳೆ ನಿಂತ ಮೇಲೆ ಗುಲಾಬಿ ಕತ್ತರಿಸುವುದು ಪದ್ಧತಿ. ಸಿಡ್ನಿಯಲ್ಲೂ ದಸರಾ ಬಂತು, ಅಲ್ಲಿಯ ಕನ್ನಡ ಸಂಘದಲ್ಲಿ ಬೊಂಬೆ ಕೂರಿಸಿದರು, ಕೋಸಂಬರಿ ತಿಂದೆವು. ನನ್ನ ಕೈ ತುರಿಸತೊಡಗಿತು. ಮೇಲ್ವಿಚಾರಕ ರಜೆಯಲ್ಲಿದ್ದ. ಒಂದು ಬೆಳಗ್ಗೆ ಕತ್ತರಿ ಹಿಡಿದು ಶುರುಮಾಡಿದವನು ಮಧ್ಯಾಹ್ನದ ಹೊತ್ತಿಗೆ ಇಡೀ ಅಂಗಳವನ್ನು ಬೋಳು ಮಾಡಿದ್ದೆ. ಇಲ್ಲಿ ಆ ತಿಂಗಳು ವಸಂತ. ಗಿಡದ ತುಂಬ ಮೊಗ್ಗಿತ್ತು. ಮೊಗ್ಗು ನನಗೆ ಕಾಣಲಿಲ್ಲ ಎಂದಲ್ಲ, ಕಂಡಿತು. ಕಣ್ಣು ಹೇಳಿದ್ದನ್ನು ಕೈ ಕೇಳಲಿಲ್ಲ, ಅಷ್ಟೇ. ಮುಂದಿನ ಭಾನುವಾರ ಮಕ್ಕಳು ಮೊಮ್ಮಕ್ಕಳೆಲ್ಲ ಬಂದು ಹೂ ನೋಡುವ ಕಾರ್ಯಕ್ರಮವಿತ್ತಂತೆ. ವಾಪಸ್ ಬಂದ ಮೇಲ್ವಿಚಾರಕ ಅಂಗಳದಲ್ಲಿ ನಿಂತು, "ನಿಮ್ಮ ದೇಶದಲ್ಲಿ ಕಡ್ಡಿಗೆ ಪ್ರೈಜ್ ಕೊಡ್ತಾರಾ?" ಎಂದು ಕೇಳಿದ. ಕಿಟಕಿಯಿಂದ ನೋಡುತ್ತಿದ್ದ ಒಬ್ಬ ಅಜ್ಜಿ ಮಾತ್ರ ನನ್ನ ಪರ ವಹಿಸಿ, "ಎರಡನೇ ಸಲ ಬಿಡ್ತಾವಲ್ಲ, ಅಷ್ಟು ದಿನ ನಾನಿದ್ದರೆ ನೋಡ್ತೀನಿ ಬಿಡು" ಅಂದಳು. ಹೂ ಬಿಟ್ಟವು. ಅಜ್ಜಿಯೂ ಇದ್ದಳು. ತಿಂಗಳನ್ನು ನಂಬಬೇಡಿ, ಗಿಡದ ಕಣ್ಣು ನೋಡಿ ಕತ್ತರಿ ಹಾಕಿ. ಈ ಕೆಲಸದಲ್ಲಿ ನಾನು ಕಲಿತ ಪಾಠಗಳಲ್ಲಿ ಹೊಟ್ಟೆ ಉರಿಯದೆ ಹೇಳಬಹುದಾದದ್ದು ಇದೊಂದೇ.

ನಮ್ಮ ಜನರ ವಿಷಯಕ್ಕೂ ಬಂದುಬಿಡುತ್ತೇನೆ, ಬರೀ ಬಿಳಿಯರನ್ನು ಬೈದರೆ ಅನ್ಯಾಯವಾದೀತು. ಸಂಘದ ಪಾರ್ಟಿಗಳಲ್ಲಿ ಡಾಕ್ಟರು, ಎಂಜಿನಿಯರು, ಪ್ರೊಫೆಸರು. ಒಮ್ಮೆ ಎಪ್ಪಿಂಗ್‌ನ ಒಬ್ಬ ಡಾಕ್ಟರು, "ಏನ್ ಮಾಡ್ಕೊಂಡಿದೀರಾ ಇಲ್ಲಿ?" ಎಂದು ಕೇಳಿದರು.

"ಗಾರ್ಡನರ್."

"ಓ, ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟಾ?"

"ಅಲ್ಲ ಸರ್, ಮಾಲಿ."

ಅವರು ಕೈಯಲ್ಲಿದ್ದ ಬೋಂಡಾವನ್ನು ಒಂದು ಗಳಿಗೆ ಹಾಗೇ ಹಿಡಿದು ನಿಂತರು. ಆಮೇಲೆ ಮುಖ ಅರಳಿತು. "ಹಾಗಾದ್ರೆ ಒಳ್ಳೇದಾಯ್ತು. ನಮ್ಮ ಬ್ಯಾಕ್‌ಯಾರ್ಡಲ್ಲಿ ಕರಿಬೇವು ಸೊರಗ್ತಾ ಇದೆ, ಸಂಡೇ ಬಂದು ಸ್ವಲ್ಪ ನೋಡ್ತೀರಾ?" ಹೋದೆ. ನೀರು ಹೆಚ್ಚಾಗಿತ್ತು, ನೋಡಿ ಹೇಳಿದೆ. ಕಾಫಿ ಕೊಟ್ಟರು, ವೆರಾಂಡದಲ್ಲೇ. ಸುಮಿತ್ರಾ ಇವತ್ತಿಗೂ ಆ ಕಾಫಿಯನ್ನು ಎತ್ತಿ ಆಡುತ್ತಾಳೆ.

ಸುಮಿತ್ರಾಗೆ ಬಾಕ್ಸ್ ಹಿಲ್‌ನಲ್ಲಿ ಒಳ್ಳೆಯ ಕೆಲಸ ಸಿಕ್ಕಿ ನಾವು ಮೆಲ್ಬರ್ನಿಗೆ ಬಂದೆವು. ಅಲ್ಲಿಂದ ಕಾರಿನಲ್ಲಿ ಮುಕ್ಕಾಲು ಗಂಟೆಯ ದೂರದಲ್ಲಿ, ಗುಡ್ಡದ ಬುಡದಲ್ಲಿತ್ತು ನಾನು ಹೇಳುತ್ತಿರುವ ಎಸ್ಟೇಟು. ಉಣ್ಣೆಯ ವ್ಯಾಪಾರದಲ್ಲಿ ಹಣ ಮಾಡಿದ ಇಂಗ್ಲಿಷಿನವನೊಬ್ಬ ಹಿಂದೆ ಅದನ್ನು ಕಟ್ಟಿಸಿದ್ದ. ತನ್ನೂರಿನ ಜಮೀನುದಾರರ ಬಂಗಲೆಯೊಳಗೆ ಅವನನ್ನು ಬಿಟ್ಟುಕೊಂಡಿರಲಿಲ್ಲವೇನೋ, ಇಲ್ಲಿ ಅದೇ ಥರದ್ದನ್ನು ತಾನೇ ಮಾಡಿಕೊಂಡ. ಕಲ್ಲಿನ ಮನೆ, ಓಕ್ ಮರಗಳ ಸಾಲು, ತೋಡಿಸಿದ ಕೊಳ, ಕೊಳದಾಚೆ ಕುರಿ ಮೇಯುವ ವಿಶಾಲವಾದ ಹುಲ್ಲುಗಾವಲು, ಇಟ್ಟಿಗೆ ಗೋಡೆ, ಗೋಡೆಯ ಉದ್ದಕ್ಕೂ ಹೂಪಾತಿ. ಈಗ ಅದೊಂದು ಟ್ರಸ್ಟಿನ ಕೈಯಲ್ಲಿದೆ. ಜನ ಟಿಕೆಟ್ ಕೊಂಡು ಬಂದು, ತೋಟ ಸುತ್ತಿ, ಟೀ ಜೊತೆ ಸ್ಕೋನ್ ಎಂಬ ಬನ್ನು ತಿಂದು, ಇಂಗ್ಲೆಂಡಿಗೇ ಹೋಗಿಬಂದ ಹಾಗಾಯಿತು ಎಂದು ಹೇಳಿ ಹೋಗುತ್ತಾರೆ.

ಆ ಉದ್ದನೆಯ ಹೂಪಾತಿಯೇ ನನ್ನ ಬದುಕು ತಿಂದದ್ದು. ಇಂಗ್ಲೆಂಡಿನಲ್ಲಿ ಸೂರ್ಯ ದಕ್ಷಿಣದ ಆಕಾಶದಲ್ಲಿ ಸಾಗುತ್ತಾನೆ. ಅದಕ್ಕೇ ಅವರು ಗೋಡೆಯ ದಕ್ಷಿಣಕ್ಕೆ ಪಾತಿ ಮಾಡುತ್ತಾರೆ. ದಿನವಿಡೀ ಬಿಸಿಲು ಬಿದ್ದು, ಗೋಡೆ ಕಾದು, ಹೂ ಉಕ್ಕುತ್ತದೆ. ಎಸ್ಟೇಟು ಕಟ್ಟಿಸಿದ ನಮ್ಮ ಯಜಮಾನ ಅಲ್ಲಿಯ ನಕ್ಷೆ ತರಿಸಿ, ಹಾಗೇ ತಂದು ಇಲ್ಲಿಯ ನೆಲದ ಮೇಲೆ ಹಾಸಿದ. ಆಸ್ಟ್ರೇಲಿಯಾದಲ್ಲಿ ಸೂರ್ಯ ಇರುವುದು ಉತ್ತರಕ್ಕೆ. ಹಾಗಾಗಿ ತೋಟದಲ್ಲೇ ಅತಿ ಚಂದವಾಗಿರಬೇಕಾದ ಪಾತಿ ವರ್ಷದ ಅರ್ಧ ಭಾಗ ಗೋಡೆಯ ನೆರಳಿನಲ್ಲಿ ಕೊಳೆಯುತ್ತಿತ್ತು. ಬಂದ ಮಾಲಿಗಳಿಗೆಲ್ಲ ಇದು ಗೊತ್ತು, ಟ್ರಸ್ಟಿಗೂ ಗೊತ್ತು. ಆದರೆ ಪಾತಿ ಕದಲಿಸುವಂತಿಲ್ಲ, ಅದು ಹೆರಿಟೇಜ್. ತಪ್ಪಿಗೂ ನೂರು ವರ್ಷ ವಯಸ್ಸಾದರೆ ಅದಕ್ಕೆ ಬೇಲಿ ಕಟ್ಟಿ ಕಾಯುತ್ತಾರೆ.

ಆಗ ಮುಖ್ಯ ಮಾಲಿಯಾಗಿದ್ದವನು ಕೀತ್. ಮಾತು ಕಡಿಮೆ, ಬೈಗುಳ ಹೆಚ್ಚು. ನನ್ನ ಮೇಲಿದ್ದವರಲ್ಲಿ ಮನುಷ್ಯ ಎನ್ನಬಹುದಾದವನು ಅವನೊಬ್ಬನೇ. ಬಂದ ಹೊಸದರಲ್ಲೇ ನನ್ನನ್ನು ಆ ಪಾತಿಯ ಮುಂದೆ ನಿಲ್ಲಿಸಿ, "ಇದು ನಿನ್ನದು. ನಾನು ಸೋತಾಯ್ತು" ಎಂದು ಹೇಳಿ ಹೋಗಿಬಿಟ್ಟ. ಪಾತಿಯಲ್ಲಿ ಇರಬೇಕಾದದ್ದು ಡೆಲ್ಫಿನಿಯಂ, ಆಳೆತ್ತರದ ನೀಲಿ ತೆನೆಗಳು. ಇದ್ದದ್ದು ಬಸವನಹುಳ ಮತ್ತು ಕೆಸರು. ಬೇಸಿಗೆಯಲ್ಲಿ ನೆತ್ತಿಯ ಮೇಲೆ ಬಿಸಿಲು ಬಂದಾಗ ಉತ್ತರದ ಬಿಸಿಗಾಳಿಯೂ ಜೊತೆಗೆ ಬಂದು, ಚಳಿಗಾಲದಲ್ಲಿ ಕೊಳೆಯದೆ ಉಳಿದದ್ದನ್ನು ಸುಡುತ್ತಿತ್ತು.

ಎಷ್ಟೋ ಗಿಡ ನೆಟ್ಟೆ, ಎಷ್ಟೋ ಕಿತ್ತೆ. ಕೊನೆಗೆ ಸಿಕ್ಕಿದ್ದು ನಮ್ಮ ದೊಡ್ಡಪತ್ರೆಯ ದಾಯಾದಿ. ದಕ್ಷಿಣ ಆಫ್ರಿಕಾದ್ದು. ನೆರಳು ಸಾಕು, ನೀರು ಅಷ್ಟಕ್ಕಷ್ಟೇ ಸಾಕು, ಬೇಸಿಗೆ ಇಳಿಯುತ್ತಿದ್ದಂತೆ ನೀಲಿ ತೆನೆ ಎತ್ತುತ್ತದೆ. ದೂರದಿಂದ ನೋಡಿದರೆ ಇಂಗ್ಲೆಂಡು, ಎಲೆ ಉಜ್ಜಿದರೆ ನಮ್ಮ ಹಿತ್ತಲು. ಅದರ ಮುಂದೆ ಬೇರೆ ಬೇರೆ ದೇಶಗಳ ನೆರಳಿನ ಗಿಡಗಳನ್ನು ಬಣ್ಣ ನೋಡಿ, ಎತ್ತರ ನೋಡಿ ಕೂರಿಸುತ್ತ ಹೋದೆ. ಮಣ್ಣು ಸರಿಹೋಗಲು ಹಲವು ಚಳಿಗಾಲ ಹಿಡಿಯಿತು. ಒಂದು ವರ್ಷ ಪಾತಿ ಎದ್ದು ನಿಂತಿತು. ನೋಡುವವರು ಅಲ್ಲೇ ನಿಲ್ಲತೊಡಗಿದರು. ಇಂಗ್ಲೆಂಡಿನಿಂದ ಬಂದಿದ್ದ ಒಬ್ಬಾಕೆ ತನ್ನ ಅಜ್ಜಿಯ ತೋಟ ಕಣ್ಣ ಮುಂದೆ ಬಂತು ಎಂದು ಕರವಸ್ತ್ರ ತೆಗೆದಳು. ನಾನು ಪಕ್ಕದಲ್ಲೇ ಮೊಣಕಾಲೂರಿ ಕಳೆ ಕೀಳುತ್ತಿದ್ದೆ. ಕೀತ್ ಬಂದು ಪಾತಿಯ ಈ ತುದಿಯಿಂದ ಆ ತುದಿಗೆ ನಡೆದು, "ಚೆನ್ನಾಗಿದೆ. ಯಾರಿಗೂ ಹೇಳಬೇಡ" ಅಂದ.

ನನಗೆ ಹೇಳಬೇಕಿತ್ತು. ಸಂಬಳ ಹೆಚ್ಚಾಗಲಿ, ಕುರ್ಚಿ ಸಿಗಲಿ ಎಂದು ನಾನು ಯಾವತ್ತೂ ಹಟ ಹಿಡಿದವನಲ್ಲ. ಆ ಪಾತಿಯ ಮುಂದೆ ನಿಂತು ಅದರ ಕಥೆಯನ್ನು ನನ್ನ ಬಾಯಿಂದ ಬಂದವರಿಗೆ ಹೇಳಬೇಕು, ಇದೊಂದೇ ಆಸೆ. ವಾರದ ಕೊನೆಯಲ್ಲಿ ಅಲ್ಲಿ ತೋಟದ ಸುತ್ತಾಟ ಇರುತ್ತಿತ್ತು. ರಿಟೈರ್ ಆದ ಮೇಷ್ಟ್ರುಗಳು, ಬ್ಯಾಂಕಿನವರು ಹುಲ್ಲಿನ ಟೋಪಿ ಹಾಕಿಕೊಂಡು ಬಂದು ಜನರನ್ನು ಸುತ್ತಿಸುತ್ತಿದ್ದರು. ಒಳ್ಳೆಯವರೇ. ಆದರೆ ನನ್ನ ಪಾತಿಯ ಮುಂದೆ ನಿಂತು "ಇಂಗ್ಲಿಷ್ ಹೂಪಾತಿಯ ಅಪ್ಪಟ ಮಾದರಿ" ಎಂದು ಕೈ ತೋರಿಸುವುದು ಕೇಳಿದಾಗಲೆಲ್ಲ ಸಿಟ್ಟು ನೆತ್ತಿಗೇರುತ್ತಿತ್ತು. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎಂದು ನಮ್ಮಲ್ಲಿ ಹೇಳುತ್ತಾರಲ್ಲ, ಇಲ್ಲಿ ಬಡಿಸಿದವರು ಅಡುಗೆಯ ಹೆಸರನ್ನೂ ಬದಲಾಯಿಸಿದ್ದರು.

ಒಂದು ಭಾನುವಾರ ಗೈಡ್ ಕಾಲು ಉಳುಕಿಸಿಕೊಂಡು ಬರಲಿಲ್ಲ. ಕೀತ್ ನನ್ನನ್ನು ಕಳಿಸಿದ. ಬೂಟಿನ ಕೆಸರು ತೊಳೆದುಕೊಂಡು ಹೋಗಿ ನಿಂತೆ. ನಕ್ಷೆಯ ತಪ್ಪಿನಿಂದ ಹಿಡಿದು ಆಫ್ರಿಕಾದ ಗಿಡದವರೆಗೂ ಎಲ್ಲ ಹೇಳಿದೆ. ಜನ ನಕ್ಕರು, ಪ್ರಶ್ನೆ ಕೇಳಿದರು, ಎಲೆ ಮುಟ್ಟಿ ಮೂಸಿದರು. ಗೋಡೆಯ ಆಚೆ ಹೋಗಿ ಬಿಸಿಲು ಎಲ್ಲಿದೆ ಎಂದು ತಾವೇ ನೋಡಿಕೊಂಡು ಬಂದರು. ಸುತ್ತಾಟ ಮುಗಿದ ಮೇಲೂ ಹೋಗಲಿಲ್ಲ. ಆವತ್ತು ಮನೆಗೆ ಬಂದು ನಾನು ಮಾತಾಡಿದ್ದನ್ನೇ ಮತ್ತೆ ಸುಮಿತ್ರಾಗೆ ಹೇಳಿ, ಅವಳು "ಊಟ ತಣ್ಣಗಾಯ್ತು ಕಣ್ರೀ" ಅನ್ನುವವರೆಗೂ ನಿಲ್ಲಿಸಲಿಲ್ಲ.

ಮರುದಿನ ಹೆಲೆನ್ ಕರೆಸಿದಳು. ಬಂದವರ ಅನುಭವ ನೋಡಿಕೊಳ್ಳುವ ಮ್ಯಾನೇಜರ್ ಅವಳು. ಇಂಥ ಹುದ್ದೆಯೊಂದು ಇರುತ್ತದೆ ಎಂದು ಇಲಾಖೆಯಲ್ಲಿದ್ದಾಗ ನನಗೆ ಗೊತ್ತಿರಲಿಲ್ಲ. ಕೂರಿಸಿ, ಟೀ ಕೊಟ್ಟು, ಬಹಳ ಹೊಗಳಿದಳು. ಆಮೇಲೆ, "ಜನ ಇಲ್ಲಿಗೆ ಬರೋದು ಒಂದು ಮಧ್ಯಾಹ್ನದ ಇಂಗ್ಲೆಂಡಿಗಾಗಿ. ನಾವೇ ಅದನ್ನ ಒಡೆದು ತೋರಿಸಿದರೆ ಹೇಗೆ? ಮತ್ತೆ ಒಬ್ಬರಿಗೆ ನಿನ್ನ ಆಕ್ಸೆಂಟ್ ಸ್ವಲ್ಪ ಕಷ್ಟ ಆಯ್ತಂತೆ" ಅಂದಳು. ಯಾರಿಗೆ ಎಂದು ಕೇಳಿದೆ. ಅದು ಮುಖ್ಯವಲ್ಲ ಎಂದಳು. ನನಗೆ ಅದೇ ಮುಖ್ಯವಾಗಿತ್ತು.

ಕೆಲವು ವರ್ಷಗಳಲ್ಲಿ ಕಾಲ ತಿರುಗಿತು. ನಮ್ಮ ಜನ ಹೆಚ್ಚಾದರು, ಮಕ್ಕಳನ್ನು ನೋಡಲು ಅಪ್ಪ ಅಮ್ಮಂದಿರು ಗುಂಪು ಗುಂಪಾಗಿ ಬರತೊಡಗಿದರು. ಮಕ್ಕಳು ಆಫೀಸಿಗೆ ಹೋದ ಮೇಲೆ ಇವರೇನು ಮಾಡಬೇಕು? ಸಂಘದವರು ಬಸ್ ಬುಕ್ ಮಾಡಿ ಎಸ್ಟೇಟಿಗೆ ಕರೆತರತೊಡಗಿದರು. ಹೆಲೆನ್‌ಗೆ ನನ್ನ ಆಕ್ಸೆಂಟ್ ಏಕಾಏಕಿ ಇಷ್ಟವಾಯಿತು. ಇಂಡಿಯನ್ ಬಸ್ಸುಗಳಿಗೆ ಮಾತ್ರ ನಾನು ಗೈಡ್. ನಾನೂ ಸಿಕ್ಕಿದ್ದು ಸೀರುಂಡೆ ಎಂದುಕೊಂಡು ಒಪ್ಪಿಕೊಂಡೆ. ಕನ್ನಡದಲ್ಲಿ, ಬೇರೆಯವರಿಗೆ ನನ್ನ ಹರಕು ಹಿಂದಿಯಲ್ಲಿ, ಪಾತಿಯ ಮುಂದೆ ನಿಂತು ಹೇಳುತ್ತಿದ್ದೆ. ದೊಡ್ಡಪತ್ರೆಯ ದಾಯಾದಿ ಎಂದ ತಕ್ಷಣ ಹೆಂಗಸರು ಎಲೆ ಕಿತ್ತು ಬಾಯಿಗೆ ಹಾಕಿಕೊಳ್ಳುವರು, "ಅಯ್ಯೋ, ಬೇಡಿ, ಅದು ತಿನ್ನೋದಲ್ಲ" ಎಂದು ನಾನು ಕೂಗುವೆ. ಸುಖವಾಗಿದ್ದೆ ಎಂದೇ ಹೇಳಬೇಕು.

ಅದಕ್ಕೂ ಕಲ್ಲು ಬಿತ್ತು. ಒಂದು ಬಸ್ಸಿನಲ್ಲಿ ಜಯನಗರದ ವಿಶಾಲಾಕ್ಷಮ್ಮ ಎಂಬವರು ಬಂದಿದ್ದರು, ಇಲ್ಲಿರುವ ಮಗಳನ್ನು ನೋಡಲು ಬಂದವರು. ನೀವು ಬೆಂಗಳೂರಿನಲ್ಲಿ ಬೆಳಗಿನ ವಾಕಿಂಗ್ ಹೋದವರಾದರೆ ಇಂಥವರನ್ನು ನೋಡಿರುತ್ತೀರಿ. ಕೈಯಲ್ಲೊಂದು ಪ್ಲಾಸ್ಟಿಕ್ ಕವರ್, ಕಂಡವರ ಕಾಂಪೌಂಡಿನಿಂದ ಹೊರಗೆ ಬಾಗಿದ ಹೂವೆಲ್ಲ ದೇವರದ್ದು. ನಾನು ಓಕ್ ಮರಗಳ ಬಗ್ಗೆ ಹೇಳುತ್ತಿರುವಾಗ ಅವರು ಮೆಲ್ಲಗೆ ಹಿಂದೆ ಉಳಿದರು. ಮನೆಯ ಮುಂಭಾಗದಲ್ಲಿ ಬಿಸಿಲಿಗೆ ಒಡ್ಡಿಕೊಂಡ ಬಿಳಿ ಗುಲಾಬಿಗಳ ಮಡಿಯಿತ್ತು. ನಾವು ತಿರುಗಿ ಬರುವ ಹೊತ್ತಿಗೆ ಕವರ್ ತುಂಬಿತ್ತು. ತೊಟ್ಟಿಲ್ಲದೆ, ಬರೀ ತಲೆ ಚಿವುಟಿದ ಹೂಗಳು.

"ಏನಮ್ಮ ಇದು?" ಅಂದೆ.

"ನಾಳೆ ಕಾರ್ತಿಕ ಸೋಮವಾರ ಅಲ್ವಾ? ಬಿಳೀ ಹೂ ಈಶ್ವರನಿಗೆ ಶ್ರೇಷ್ಠ. ಇಷ್ಟೊಂದು ಹೂ ಗಿಡದಲ್ಲೇ ಬಾಡಿ ಹೋಗತ್ತಲ್ಲ ಪಾಪ. ಗಿಡಕ್ಕೊಂದು ಬಿಟ್ಟೇ ಕಿತ್ತಿದೀನಿ, ಎಲ್ಲಾ ಕೀಳಬಾರದು" ಎಂದರು, ನನಗೇ ಪಾಠ ಹೇಳುವ ಧಾಟಿಯಲ್ಲಿ.

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಮ್ಮಮ್ಮನೂ ಹಾಗೇ ಕೀಳುತ್ತಿದ್ದಳು. ಆದರೆ ಆ ಮಧ್ಯಾಹ್ನ ಅಲ್ಲೊಂದು ಮದುವೆಯಿತ್ತು. ಆ ಮಡಿಯ ಮುಂದೆ ಫೋಟೋ ತೆಗೆಸಿಕೊಳ್ಳಲೆಂದೇ ಅವರು ಜಾಗ ಬುಕ್ ಮಾಡಿದ್ದರು. ಬಿಳಿ ಗೌನಿನ ಮದುಮಗಳು ಬಂದು ಬೋಳು ಗಿಡಗಳ ಮುಂದೆ ನಿಂತು ಅತ್ತಳು. ಹೆಲೆನ್ ನನ್ನ ಕಡೆ ತಿರುಗಿ, "ನಿನ್ನ ಜನಕ್ಕೆ ನೀನು ಹೇಳಬೇಕಿತ್ತು" ಅಂದಳು. ಒಬ್ಬ ಹೆಂಗಸು ಕಿತ್ತ ಹೂವಿಗೆ ಒಂದು ದೇಶವೇ ನನ್ನ ಜನವಾಯಿತು. ಕತ್ತರಿಸಿದ ಗುಲಾಬಿ ಮತ್ತಷ್ಟು ಹೂ ಬಿಡುತ್ತದೆ, ಬಿಟ್ಟಿತು ಕೂಡ. ಆದರೆ ಇಂಡಿಯನ್ ಬಸ್ಸುಗಳ ಬುಕಿಂಗ್ ನಿಂತಿತು. ಬಸ್ಸಿನ ಜೊತೆ ನನ್ನ ಬಾಯಿಯೂ ಮುಚ್ಚಿತು.

ಆ ಬೇಸರದಲ್ಲೇ ನಾನೂ ಸುಮಿತ್ರಾನೂ ಇಂಗ್ಲೆಂಡಿಗೆ ಹೋಗಿಬಂದೆವು. ಅಸಲಿ ಹೇಗಿರುತ್ತದೆ ನೋಡೋಣ ಎಂಬ ಹಟ. ಅಲ್ಲೊಂದು ಹಳೆಯ ಬಂಗಲೆಗೆ ಹೋದೆವು. ಹುಲ್ಲುಗಾವಲು ಕಣ್ಣು ಹಾಯುವವರೆಗೂ ಇತ್ತು, ಜಿಂಕೆಗಳು ಮೇಯುತ್ತಿದ್ದವು. ಗೋಡೆ ಸರಿಯಾದ ಕಡೆ ಇತ್ತು, ಡೆಲ್ಫಿನಿಯಂ ಸರಿಯಾಗಿ ನಿಂತಿತ್ತು. ಚಂದವಾಗಿತ್ತು, ಸುಳ್ಳೇಕೆ ಹೇಳಲಿ. ಆದರೆ ನನಗೆ ನೆನಪಿರುವುದು ಅಲ್ಲಿಯ ಗೈಡ್. ಅದೇ ತೋಟದಲ್ಲಿ ಬದುಕೆಲ್ಲ ದುಡಿದ ಮಾಲಿ, ಮುದುಕ, ಬಾಯಲ್ಲಿ ಅರ್ಧ ಹಲ್ಲಿಲ್ಲ. ಅವನ ಹಳ್ಳಿಯ ಇಂಗ್ಲಿಷ್ ನನಗಿರಲಿ, ಲಂಡನ್ನಿನಿಂದ ಬಂದಿದ್ದವರಿಗೂ ಅರ್ಥವಾಗುತ್ತಿರಲಿಲ್ಲ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಎಷ್ಟು ಮುದ್ದಾಗಿ ಮಾತಾಡ್ತಾನೆ, ಅಲ್ವಾ?" ಎಂದು ಖುಷಿಪಡುತ್ತಿದ್ದರು. ಅರ್ಥವಾಗದಿದ್ದರೆ ಮತ್ತೆ ಕೇಳುತ್ತಿದ್ದರು, ಅವನು ಮತ್ತೆ ಹೇಳುತ್ತಿದ್ದ. ನಾನು ಒಂದು ಬೆಂಚಿನ ಮೇಲೆ ಕೂತುಬಿಟ್ಟೆ. ಸುಮಿತ್ರಾ, "ಏನಾಯ್ತು ರೀ, ಬಿಪಿನಾ?" ಎಂದು ಗಾಬರಿಯಾದಳು.

ವಾಪಸ್ ಬಂದು ಹೆಲೆನ್‌ಗೆ ಹೇಳಿದೆ. ಅಲ್ಲಿ ಮಾಲಿಯೇ ತೋಟ ತೋರಿಸುತ್ತಾನೆ, ಅವನ ಮಾತು ಯಾರಿಗೂ ತಿಳಿಯುವುದಿಲ್ಲ, ಯಾರೂ ದೂರು ಕೊಡುವುದಿಲ್ಲ ಎಂದು. "ಅದು ಬೇರೆ. ಅವನು ಆ ಜಾಗದವನು" ಅಂದಳು. ಆ ಪಾತಿಯನ್ನು ಸತ್ತಲ್ಲಿಂದ ಎಬ್ಬಿಸಿದ ನಾನು ಯಾವ ಜಾಗದವನು ಎಂದು ಕೇಳಬೇಕಿತ್ತು. ನಾಲಗೆಯ ತುದಿಗೆ ಬಂತು, ನುಂಗಿಕೊಂಡೆ.

ಅಷ್ಟರಲ್ಲಿ ಕೆಲಸದ ರೀತಿಯೇ ಬದಲಾಗತೊಡಗಿತ್ತು. ಕೀತ್ ರಿಟೈರ್ ಆದ. ಅವನ ಜಾಗಕ್ಕೆ ಬಂದವರು ಗಿಡಕ್ಕಿಂತ ಹೆಚ್ಚು ಕಂಪ್ಯೂಟರ್ ಪರದೆ ನೋಡುವವರು. ಮಣ್ಣಿಗೆ ಬೆರಳಿಟ್ಟು ನೋಡಿ ನೀರು ಹಾಯಿಸುತ್ತಿದ್ದೆವು, ಈಗ ಮಣ್ಣಲ್ಲಿ ಹೂತ ಸೆನ್ಸರ್ ಹೇಳಿದಾಗ ನಲ್ಲಿ ತಾನೇ ತೆರೆಯುತ್ತದೆ. ಪೊರಕೆ ಹೋಗಿ ಬ್ಲೋಯರ್ ಬಂತು. ಎಲೆ ಅಲ್ಲಿಂದ ಇಲ್ಲಿಗೆ ಹಾರುತ್ತದೆ, ಕಿವಿ ಹಾಳಾಗುತ್ತದೆ. ಸೆನ್ಸರ್ ಒಳ್ಳೆಯದೇ, ಹಟ ಮಾಡಬೇಡಿ, ಕಲಿಯಿರಿ. ಆದರೆ ಬೆರಳಿಡುವುದನ್ನು ಬಿಡಬೇಡಿ. ಒಂದು ಬೇಸಿಗೆಯಲ್ಲಿ ಸೆನ್ಸರ್ ಕೆಟ್ಟು, ಮಣ್ಣು ಒದ್ದೆಯಿದೆ ಎಂದು ಸುಳ್ಳು ಹೇಳುತ್ತಲೇ ಇತ್ತು. ಬಿಸಿಗಾಳಿಗೆ ಜರೀಗಿಡದ ಮಡಿ ಇಡೀ ಸುಟ್ಟುಹೋಯಿತು. ಮೀಟಿಂಗ್ ಮಾಡಿದರು. ಗಿಡ ಮೀಟಿಂಗಿಗೆ ಕಾಯುವುದಿಲ್ಲ.

ಗೈಡ್‌ಗಳ ಕಾಲವೂ ಮುಗಿಯಿತು. ಹುಲ್ಲಿನ ಟೋಪಿಯವರನ್ನೆಲ್ಲ ಕೇಕ್ ಕೊಟ್ಟು ಕಳಿಸಿದರು. ಇನ್ನು ಬಂದವರ ಕಿವಿಗೆ ಒಂದು ಇಯರ್‌ಫೋನ್, ಪಾತಿಯ ಮುಂದೆ ನಿಂತು ಗುಂಡಿ ಒತ್ತಿದರೆ ಅದರ ಕಥೆ. ಹೆಲೆನ್ ತಾನಾಗಿಯೇ ಶೆಡ್ಡಿಗೆ ಬಂದಳು, ಬೂಟಿಗೆ ಮಣ್ಣಾಗುವುದನ್ನೂ ನೋಡದೆ. "ಹೊಸ ಟ್ರಸ್ಟಿಗಳಿಗೆ ನಿಜವಾದ ಕಥೆಗಳೇ ಬೇಕಂತೆ. ಗೋಡೆ, ನೆರಳು, ಆಫ್ರಿಕಾದ ಗಿಡ, ಎಲ್ಲಾ. ಅದನ್ನ ನಿನ್ನ ಬಿಟ್ಟು ಯಾರು ಹೇಳ್ತಾರೆ?" ಅಂದಳು. ನನ್ನ ರಿಟೈರ್‌ಮೆಂಟಿಗೆ ಕೆಲವೇ ತಿಂಗಳಿತ್ತು.

"ನನ್ನ ಧ್ವನಿಯೇ ಇರುತ್ತಾ?" ಎಂದು ನೇರವಾಗಿ ಕೇಳಿದೆ.

"ನಿನ್ನದೇ. ಇನ್ಯಾರದ್ದು?"

ಹಣ್ಣು ಶೇಖರಿಸುತ್ತಿದ್ದ ಹಳೆಯ ಕೋಣೆಯಲ್ಲಿ ಗೋಡೆಗೆ ಕಂಬಳಿ ತೂಗುಬಿಟ್ಟು ರೆಕಾರ್ಡ್ ಮಾಡಿದರು. ಮೊದಲು ತಡವರಿಸಿದೆ, ಆಮೇಲೆ ಮಾತು ಬಿಚ್ಚಿಕೊಂಡಿತು. ಎಲ್ಲ ಹೇಳಿದೆ. ಮೈಸೂರಿನ ಮನೆಯ ಬಚ್ಚಲ ಪಕ್ಕ ಒಡೆದ ಮಡಕೆಯಲ್ಲಿ ನಮ್ಮಮ್ಮ ದೊಡ್ಡಪತ್ರೆ ಬೆಳೆಸುತ್ತಿದ್ದದ್ದು, ನನಗೆ ಕೆಮ್ಮು ಬಂದಾಗ ಎಲೆಯನ್ನು ಕೆಂಡದ ಮೇಲೆ ಬಾಡಿಸಿ ರಸ ಹಿಂಡುತ್ತಿದ್ದದ್ದು, ಆ ವಾಸನೆಯೇ ನನಗೆ ಈ ಪಾತಿಯ ದಾರಿ ತೋರಿಸಿದ್ದು. ಅಮ್ಮ ತೀರಿಕೊಂಡಾಗ ನಾನು ಇಲ್ಲಿ ಇದೇ ಗಿಡದ ಕಡ್ಡಿ ನೆಡುತ್ತಿದ್ದೆ, ಟಿಕೆಟ್ ಸಿಕ್ಕಿ ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅದನ್ನೂ ಹೇಳಿದೆ. ರೆಕಾರ್ಡ್ ಮಾಡುತ್ತಿದ್ದವನು ಯಂತ್ರ ನಿಲ್ಲಿಸಿ ನನಗೆ ನೀರು ತಂದುಕೊಟ್ಟ. ಹೆಲೆನ್ ಕಣ್ಣು ಒರೆಸಿಕೊಂಡು, "ಇದೇ. ಇದೇ ನಮಗೆ ಬೇಕಿದ್ದದ್ದು" ಅಂದಳು.

ರಿಟೈರ್ ಆದೆ. ಕೇಕ್ ನನಗೂ ಕೊಟ್ಟರು. ನಾನು ಸಂಘದಲ್ಲಿ ಹೇಳಿಕೊಂಡೆ, ಫೋನಿನಲ್ಲಿ ಮೈಸೂರಿಗೆಲ್ಲ ಹೇಳಿಕೊಂಡೆ. ಇನ್ನು ಆ ತೋಟ ಇರುವವರೆಗೆ ಬಂದವರ ಕಿವಿಯಲ್ಲಿ ನಾನು ಮಾತಾಡುತ್ತೇನೆ ಎಂದು. ಅಲ್ಲಿಯವರೆಗೆ ಏನು ಕಳೆದುಕೊಂಡಿದ್ದರೂ ಇದೊಂದರಲ್ಲಿ ಸರಿಹೋಯಿತು ಅನ್ನಿಸಿತ್ತು. ಬಸ್ಸು, ಗುಲಾಬಿ, ಇಂಗ್ಲೆಂಡಿನ ಬೆಂಚು, ಎಲ್ಲವನ್ನೂ ಮರೆಯಲು ಸಿದ್ಧನಾಗಿದ್ದೆ.

ಸಹನಾ, ಕೊನೆಯದನ್ನು ಹೇಳುವ ಮುಂಚೆ ನಿನಗೆ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಗಿಡ ನಿನಗೆ ಮೋಸ ಮಾಡುವುದಿಲ್ಲ. ಮೊಣಕಾಲಿಗೆ ಪ್ಯಾಡ್ ಕಟ್ಟಿಕೋ, ಟೋಪಿ ಮರೆಯಬೇಡ, ಬೇಸಿಗೆಯಲ್ಲಿ ಕೊಳದ ಹತ್ತಿರದ ಹುಲ್ಲಿನಲ್ಲಿ ಹಾವಿರುತ್ತದೆ. ಮೊದಲ ದಿನದಿಂದಲೇ ಬಾಯಿಬಿಟ್ಟು ಮಾತಾಡು. ನುಂಗಿಕೊಂಡ ಮಾತನ್ನು ಯಾರೂ ವಿನಯ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಇವನಿಗೆ ಹೇಳುವುದೇನೂ ಇಲ್ಲ ಎಂದೇ ತಿಳಿಯುತ್ತಾರೆ. ಆ ಕೊನೆಯದು ನಡೆದ ಮೇಲೆ ನಾನು ಎಸ್ಟೇಟಿಗೆ ಫೋನ್ ಮಾಡಿ, ಹೀಗೇಕೆ ಮಾಡಿದಿರಿ ಎಂದು ಕೇಳಿದೆ. ಹೆಲೆನ್ ಸಿಡ್ನಿಯಲ್ಲಿ ಬೇರೆ ಕೆಲಸ ಹಿಡಿದು ಹೋಗಿದ್ದಳು. ಅವಳ ಜಾಗದಲ್ಲಿದ್ದವನು ಬಹಳ ಮರ್ಯಾದೆಯಿಂದ, ಕೆಲವರಿಗೆ ಕೇಳಿಸಿ ನೋಡಿದೆವು, ಈಗ ಹಾಕಿರುವ ಧ್ವನಿಯೇ ತೋಟಕ್ಕೆ ಹೊಂದುತ್ತದೆ ಎಂದರು ಅಂದ. ನಿಮ್ಮ ಮಾತಿನಲ್ಲಿ ಹೆಚ್ಚೇನೂ ಬದಲಿಸಿಲ್ಲ ಎಂದೂ ಸಮಾಧಾನ ಹೇಳಿದ.

ಆ ದಿನ ನಡೆದದ್ದು ಇಷ್ಟು. ಸಿಡ್ನಿಯ ಎಪ್ಪಿಂಗ್‌ನಲ್ಲಿರುವ ಮಗಳು ಶಾಲೆಯ ರಜಕ್ಕೆ ಮೊಮ್ಮಗಳು ಅನಿಕಾಳನ್ನು ನಮ್ಮಲ್ಲಿಗೆ ಕಳಿಸಿದ್ದಳು. ಒಂಬತ್ತು ವರ್ಷ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಹೇಳುತ್ತಾಳೆ. "ಬಾ, ಅಜ್ಜನ ಧ್ವನಿ ಕೇಳಿಸ್ತೀನಿ" ಎಂದು ಎಸ್ಟೇಟಿಗೆ ಕರೆದುಕೊಂಡು ಹೋದೆ. ಮೊದಲ ಸಲ ನಾನೂ ಟಿಕೆಟ್ ಕೊಂಡು ಒಳಗೆ ಹೋದೆ. ಬಾಗಿಲಲ್ಲಿದ್ದವರು ಹೊಸಬರು, ಗುರುತು ಹಿಡಿಯಲಿಲ್ಲ. ಒಂದೇ ಇಯರ್‌ಫೋನ್ ತೆಗೆದುಕೊಂಡೆ. ಪಾತಿಯ ಹತ್ತಿರ ಹೋಗಿ, ನಾನು ಮೊದಲು ಸರಿಯಾದ ಜಾಗ ಹುಡುಕಿ ಆಮೇಲೆ ಅವಳ ಕಿವಿಗೆ ಹಾಕೋಣ ಎಂದು.

ನೀಲಿ ತೆನೆಗಳು ಎದ್ದಿದ್ದವು. ಗುಂಡಿ ಒತ್ತಿದೆ. ತುಂಬು ಕಂಠದ ಒಬ್ಬ ಇಂಗ್ಲಿಷಿನವನು, "ನಾನು ಈ ತೋಟಕ್ಕೆ ಬಂದಾಗ ಈ ಪಾತಿ ಸತ್ತಿತ್ತು" ಎಂದು ಶುರುಮಾಡಿದ. ಗೋಡೆಯ ತಪ್ಪು ಹೇಳಿದ, ನನ್ನ ಹಾಗೆಯೇ, ನಾನು ನಿಲ್ಲಿಸಿದಲ್ಲಿ ನಿಲ್ಲಿಸಿ. ನಟನಿರಬೇಕು, ಚೆನ್ನಾಗಿ ಹೇಳಿದ. "ನನ್ನ ತಾಯಿ ಒಡೆದ ಮಡಕೆಯೊಂದರಲ್ಲಿ ಇದರ ಸೋದರಿಯನ್ನು ಬೆಳೆಸುತ್ತಿದ್ದಳು" ಎಂದ. ಮಡಕೆ ಇತ್ತು, ಕೆಮ್ಮು ಇತ್ತು, ಎಲೆ ಇತ್ತು. ಮೈಸೂರು ಇರಲಿಲ್ಲ. ನಮ್ಮಮ್ಮನಿಗೆ ಒಬ್ಬ ಇಂಗ್ಲಿಷ್ ಮಗ ಹುಟ್ಟಿದ್ದ, ಅವಳ ಸಾವಿನ ಸುದ್ದಿಯನ್ನೂ ಅವನೇ ಹೇಳಿದ.

ಇಯರ್‌ಫೋನ್ ತೆಗೆದೆ. ಅನಿಕಾ, "ಮೈ ಟರ್ನ್, ಅಜ್ಜ!" ಎಂದು ಕೈ ಚಾಚಿದಳು. ಅದನ್ನು ಅವಳಿಗೆ ಕೊಡಲಾಗಲಿಲ್ಲ. "ಇದು ಕೆಟ್ಟಿದೆ ಪುಟ್ಟಿ, ನಾನೇ ಹೇಳ್ತೀನಿ ಬಾ" ಎಂದು ಪಾತಿಯ ಮುಂದೆ ನಿಲ್ಲಿಸಿಕೊಂಡು ಹೇಳತೊಡಗಿದೆ. ಸಿಟ್ಟಿಗೋ ದುಃಖಕ್ಕೋ ನನ್ನ ಧ್ವನಿ ಏರಿತ್ತು. ಕನ್ನಡ, ಇಂಗ್ಲಿಷ್ ಎರಡೂ ಸೇರಿಸಿ ಹೇಳುತ್ತಿದ್ದೆ. ಆ ಕಡೆ ಈ ಕಡೆ ಇದ್ದ ನಾಲ್ಕು ಜನ ತಮ್ಮ ಇಯರ್‌ಫೋನ್ ಸರಿಸಿ ನನ್ನ ಕಡೆ ತಿರುಗಿದರು.

ಅಲ್ಲಿ ಉಸ್ತುವಾರಿಗಿದ್ದ ಹೆಂಗಸು ಮೆಲ್ಲಗೆ ಬಂದಳು. ಕಡುಗೆಂಪು ಕೋಟು, ಒಳ್ಳೆಯ ಮುಖ. "ಕ್ಷಮಿಸಿ ಸರ್, ಇಲ್ಲಿ ಹೊರಗಿನವರು ಗೈಡ್ ಮಾಡೋ ಹಾಗಿಲ್ಲ. ಬೇರೆಯವರು ಕೇಳ್ತಾ ಇದ್ದಾರೆ, ಅವರಿಗೆ ತೊಂದರೆ ಆಗುತ್ತೆ."

"ಇವಳು ನನ್ನ ಮೊಮ್ಮಗಳು. ಈ ಪಾತಿ ಮಾಡಿದ್ದು ನಾನು" ಅಂದೆ.

ಮುದುಕರ ಮಾತಿಗೆ ನಗುವ ಹಾಗೆ ಅವಳು ನಕ್ಕಳು. ತನ್ನ ಚೀಲದಿಂದ ಪುಟ್ಟದೊಂದು ಇಯರ್‌ಫೋನ್ ತೆಗೆದು ಬಗ್ಗಿ ಅನಿಕಾಳ ಕಿವಿಗೆ ತಾನೇ ಹಾಕಿದಳು. "ಮಕ್ಕಳಿಗೆ ಇದು ಫ್ರೀ. ಎಲ್ಲ ಕಥೆನೂ ಇದರಲ್ಲೇ ಇದೆ" ಅಂದಳು.

ಅನಿಕಾ ಗುಂಡಿ ಒತ್ತಿ, ಕಿವಿಯ ಮೇಲೆ ಎರಡೂ ಕೈ ಇಟ್ಟುಕೊಂಡು ಪಾತಿಯ ಉದ್ದಕ್ಕೂ ನಡೆಯತೊಡಗಿದಳು. ನಾನು ಹಿಂದೆ ಹೋದೆ. ಎಲ್ಲೋ ನಕ್ಕಳು, ಎಲ್ಲೋ ನಿಂತು ಎಲೆ ಮುಟ್ಟಿ ಮೂಸಿ ನೋಡಿದಳು. ಒಂದೆಡೆ ಅವಳ ಮುಖ ಸಣ್ಣಗಾಯಿತು. ಅದು ಯಾವ ಮಾತಿಗೆ ಎಂದು ನನಗೆ ಗೊತ್ತಾಯಿತು. ಪಾತಿಯ ಕೊನೆಗೆ ಬಂದಾಗ ತಿರುಗಿ ನನ್ನನ್ನು ನೋಡಿದಳು.

"ವೆನ್ ಡು ಯು ಸ್ಟಾರ್ಟ್ ಟಾಕಿಂಗ್, ಅಜ್ಜ?"

"ಮುಂದೆ ಇದೆ ಪುಟ್ಟಿ, ಕೇಳ್ತಾ ಇರು" ಅಂದೆ.